ಮಿಲ್ ಗೇರ್‌ಬಾಕ್ಸ್ ಪ್ರಶ್ನೋತ್ತರ: ಫೋಟೊ ಹಾಕಿ, ಸದ್ದು ಎಂಥದ್ದು ಅಂತ ಬರೆಯಿರಿ

ಗೇರ್ ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾರ್ಖಾನೆಯ ಮಿಲ್ ಹೌಸ್‌ನಲ್ಲೇ ದುಡಿದು ನಿವೃತ್ತನಾದವನು ನಾನು. ಗೇರ್‌ಬಾಕ್ಸ್ ಬಗ್ಗೆ ಏನಿದ್ದರೂ ಕೇಳಿ. ಮೋಟರ್ ಕಿಲೋವ್ಯಾಟ್, ರೋಲರ್ ವೇಗ, ಎಣ್ಣೆ ಗ್ರೇಡ್, ಮೂರನ್ನೂ ಬರೆಯಿರಿ.

ಅಪ್ರೆಂಟಿಸ್ ಹುಡುಗ: ಸರ್, ಇಷ್ಟು ದೊಡ್ಡ ಗೇರ್‌ಬಾಕ್ಸ್ ಯಾಕೆ? ಮೋಟರನ್ನೇ ನೇರ ರೋಲರ್‌ಗೆ ಜೋಡಿಸಿದರೆ ಆಗಲ್ವಾ?

ಗೇರ್ ಮೇಷ್ಟ್ರು: ಆಗಲ್ಲ. ಮೋಟರ್ ನಿಮಿಷಕ್ಕೆ 1000 ಸುತ್ತು ತಿರುಗುತ್ತೆ ಅಂದುಕೊಳ್ಳಿ. ರೋಲರ್‌ಗೆ ಬೇಕಿರೋದು ಸುಮಾರು 5 ಸುತ್ತು. 500 ಕಿಲೋವ್ಯಾಟ್ ಮೋಟರ್‌ನ ಟಾರ್ಕ್, ಅಂದರೆ ತಿರುಗಿಸೋ ಬಲ, ಆ ವೇಗದಲ್ಲಿ 4,775 ನ್ಯೂಟನ್ ಮೀಟರ್. ವೇಗವನ್ನು 200 ಪಟ್ಟು ಇಳಿಸಿದರೆ, ಘರ್ಷಣೆಯಲ್ಲಿ ಆಗೋ ನಷ್ಟದ ಲೆಕ್ಕ ಬಿಟ್ಟು, ಅದು ಸುಮಾರು 9.5 ಲಕ್ಷ ಆಗುತ್ತೆ. ಕಬ್ಬು ಹಿಂಡೋದು ಇದೇ. ಒಂದೇ ಜೋಡಿ ಗೇರ್‌ನಲ್ಲಿ ಇಷ್ಟು ಇಳಿಸೋಕೆ ಆಗಲ್ಲ, ಹಂತ ಹಂತವಾಗಿ ಇಳಿಸಬೇಕು.

ಆಲೆಮನೆ ಪಾಂಡವಪುರ: ಅಣ್ಣಾ, ನಮ್ಮ ಗಾಣದ ಗೇರ್ ಹಲ್ಲು ಮುರೀತಾನೇ ಇದೆ. ಹೋದ ವರ್ಷ ಬೆಲ್ಟ್ ತೆಗೆಸಿ ಚೈನ್ ಹಾಕಿಸಿದ್ದೆ.

ಗೇರ್ ಮೇಷ್ಟ್ರು: ಕಾರಣ ಚೈನೇ. ಕಬ್ಬು ಜಾಸ್ತಿ ತುರುಕಿದಾಗ ಬೆಲ್ಟ್ ಜಾರುತ್ತಿತ್ತು. ಚೈನ್ ಜಾರಲ್ಲ, ಏಟು ಪೂರ್ತಿ ಬೀಡು ಕಬ್ಬಿಣದ ಹಲ್ಲಿಗೆ ಬೀಳುತ್ತೆ. ಬೆಲ್ಟ್ ವಾಪಸ್ ಹಾಕಿಸಿ. ಗೇರ್ ಮೇಲೆ ಗಾರ್ಡ್ ಇಲ್ಲದಿದ್ದರೆ ಅದನ್ನು ಇವತ್ತೇ ಹಾಕಿಸಿ.

ಚಿಕ್ಕೋಡಿ ಆಯಿಲರ್: ಸರ್, ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿದೆ. ಯಾವ ಗ್ರೇಡ್ ಹಾಕಬೇಕು?

ಗೇರ್ ಮೇಷ್ಟ್ರು: ನೀರು ಸೇರಿದೆ. ಕೂಲರ್ ಟ್ಯೂಬ್ ಸೋರ್ತಿದೆಯಾ ನೋಡಿ. ಬ್ರೀದರ್ (ಗೇರ್‌ಬಾಕ್ಸ್‌ಗೆ ಗಾಳಿ ಆಡೋ ಕಿಂಡಿ) ಮೇಲೆ ಪೈಪ್‌ನಿಂದ ನೀರು ಬಿಟ್ಟು ತೊಳೀತಾರಾ ಅದನ್ನೂ ನೋಡಿ. ಆಮೇಲೆ ಎಣ್ಣೆ ಬದಲಿಸಿ. ಯಾವ ಗ್ರೇಡ್ ಅಂತ ಗೇರ್‌ಬಾಕ್ಸ್‌ನ ಪ್ಲೇಟ್ ಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ ಇಪಿ 320 (ಭಾರೀ ಒತ್ತಡ ತಡೆಯೋ ಗೇರ್ ಎಣ್ಣೆ).

ನೈಟ್ ಶಿಫ್ಟ್ ಫಿಟ್ಟರ್: ಸರ್, ನಮ್ಮ ಮೂರನೇ ಮಿಲ್, ಮೋಟರ್ ಡ್ರೈವ್, ರೋಲರ್ 5 ಸುತ್ತು. ನಿನ್ನೆಯಿಂದ ಧಡ್ ಅಂತ ಸದ್ದು. 12 ಸೆಕೆಂಡಿಗೆ ಒಂದು ಸಲ. ಗೇರ್‌ಬಾಕ್ಸ್‌ನ ಮ್ಯಾಗ್ನೆಟ್ ಪ್ಲಗ್ ಬಿಚ್ಚಿದಾಗ ಉಗುರಿನಷ್ಟು ಚೂರುಗಳು ಸಿಕ್ಕವು. ಒಂದು ಮುಖ ಹೊಳೆಯುತ್ತೆ, ಇನ್ನೊಂದು ಒರಟು. ಹಂಗಾಮು ಮುಗಿಯೋತನಕ ಹೇಗಾದರೂ ಓಡಿಸಿ ಅಂತಾರೆ ಮೇಲಿನವರು.

ಗೇರ್ ಮೇಷ್ಟ್ರು: ತಮ್ಮಾ, ನೀನು ಸೆಕೆಂಡು ಎಣಿಸಿದ್ದು ತುಂಬಾ ಒಳ್ಳೇದಾಯ್ತು. 5 ಸುತ್ತು ಅಂದರೆ ಒಂದು ಸುತ್ತಿಗೆ ಸರಿಯಾಗಿ 12 ಸೆಕೆಂಡು. ಮೋಟರ್ ಕಡೆಯ ಶಾಫ್ಟ್‌ನಲ್ಲಿ ತೊಂದರೆ ಇದ್ದರೆ ಎಣಿಸೋಕೇ ಆಗದಷ್ಟು ಬೇಗ ಬರ್ತಿತ್ತು. ಹಾಗಾಗಿ ಇದು ರೋಲರ್ ವೇಗದಲ್ಲೇ ತಿರುಗೋ ಭಾಗ: ಬುಲ್ ಗೇರ್ (ಗೇರ್‌ಬಾಕ್ಸ್‌ನ ಕೊನೆಯ ದೊಡ್ಡ ಗೇರ್), ಟೇಲ್ ಬಾರ್ (ಗೇರ್‌ಬಾಕ್ಸ್‌ನಿಂದ ರೋಲರ್‌ಗೆ ಹೋಗೋ ದಪ್ಪ ಸರಳು) ಕಪ್ಲಿಂಗ್, ಟಾಪ್ ರೋಲರ್ ಅಥವಾ ಕ್ರೌನ್ ಪಿನಿಯನ್ (ಒಂದು ರೋಲರ್ ಇನ್ನೊಂದನ್ನು ತಿರುಗಿಸೋ ಗೇರ್). ಚೂರು ಸಿಕ್ಕಿದ್ದು ಗೇರ್‌ಬಾಕ್ಸ್ ಒಳಗೆ. ಬೇರಿಂಗ್‌ನದ್ದೂ ಇರಬಹುದು, ಆದರೆ ನನಗೆ ಮೊದಲ ಅನುಮಾನ ಬುಲ್ ಗೇರ್ ಹಲ್ಲಿನ ಮೇಲೆ. ಹೊಳೆಯೋದು ಹಲ್ಲಿನ ಮೈ, ಒರಟು ಇರೋದು ಒಳಗಿಂದ ಕಿತ್ತು ಬಂದ ಭಾಗ.

ಮಿಲ್ ನಿಲ್ಲಿಸಿ. ಮೊದಲು ಕಬ್ಬು ಖಾಲಿ ಮಾಡಿ, ಆಮೇಲೆ ಮೋಟರ್‌ನ ಬ್ರೇಕರ್ ಆಫ್ ಮಾಡಿ, ಬೇರೆ ಯಾರೂ ಆನ್ ಮಾಡದ ಹಾಗೆ ಅದಕ್ಕೆ ನಿನ್ನ ಬೀಗ, ನಿನ್ನ ಟ್ಯಾಗ್ ಹಾಕು. ಲೋಡಿನಲ್ಲಿ ನಿಂತ ಟೇಲ್ ಬಾರ್ ಸ್ವಲ್ಪ ತಿರುಚಿಕೊಂಡಿರುತ್ತೆ, ವಾಪಸ್ ಹೊಡೆಯಬಹುದು. ಅದು ಸಡಿಲ ಆಗೋವರೆಗೆ ಯಾರೂ ಕೈ ಹಾಕಬೇಡಿ. ಕವರ್ ತೆಗೆದು ಹಲ್ಲುಗಳನ್ನು ಒಂದೊಂದಾಗಿ ಒರೆಸಿ, ಬುಡಕ್ಕೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯೋ ಕೆಂಪು ಬಣ್ಣ) ಹಚ್ಚಿ ನೋಡು. ಕೆಂಪು ಗೆರೆ ಬಂದರೆ ಬಿರುಕು. ಆಮೇಲೆ ಒಂದು ಟನ್ನೂ ಅರೆಯಬಾರದು. ಮುರಿದ ತುಂಡು ಬುಲ್ ಗೇರನ್ನು ತಿರುಗಿಸೋ ಸಣ್ಣ ಗೇರ್‌ಗೆ, ಅಂದರೆ ಪಿನಿಯನ್‌ಗೆ ಸಿಕ್ಕರೆ ಎರಡೂ ಹೋಗ್ತವೆ, ಶಾಫ್ಟ್ ಬಾಗುತ್ತೆ, ಕೇಸಿಂಗ್ ಒಡೆಯುತ್ತೆ.

ಇನ್ನೊಂದು ವಿಷಯ. ಕಬ್ಬಿನ ಪದರ ದಪ್ಪ ಆದಾಗ ಟಾಪ್ ರೋಲರ್ ಹೈಡ್ರಾಲಿಕ್ ಒತ್ತಡಕ್ಕೆ ಎದುರಾಗಿ ಮೇಲೇಳುತ್ತೆ. ಗೇರ್‌ಬಾಕ್ಸ್ ಮಾತ್ರ ಇದ್ದಲ್ಲೇ ಇರುತ್ತೆ. ನಡುವಿನ ಟೇಲ್ ಬಾರ್ ಕಪ್ಲಿಂಗ್ ಒಣಗಿ ಬಿಗಿಯಾಗಿದ್ದರೆ ಆ ಎಳೆತ ಪೂರ್ತಿ ಬುಲ್ ಗೇರ್ ಮೇಲೆ ಬರುತ್ತೆ, ಹಲ್ಲಿನ ಒಂದು ತುದಿ ಮಾತ್ರ ಲೋಡ್ ಹೊರುತ್ತೆ. ಹಲ್ಲಿಗೆ ಬ್ಲೂ (ನೀಲಿ ಬಣ್ಣ) ಹಚ್ಚಿ, ಎದುರಿನ ಹಲ್ಲು ತಾಗಿದ ಗುರುತು ಎಲ್ಲಿ ಬೀಳುತ್ತೆ ಅಂತ ನೋಡು. ಫೌಂಡೇಶನ್ ಬೋಲ್ಟ್ ಸಹ ನೋಡು.

ಅಥಣಿ ಗೆಳೆಯ: ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು: ಗೇರ್ ಸದ್ದಿಗೆ ಎಣ್ಣೆಯಲ್ಲಿ ಮರದ ಹೊಟ್ಟು, ಗ್ರೀಸ್ ಕಲಸಿ ಹಾಕಿ. ಹಲ್ಲು ಸೀಳಿದರೆ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡಿ.

ಗೇರ್ ಮೇಷ್ಟ್ರು: ದಯವಿಟ್ಟು ಇಂಥದ್ದು ಹಾಕಬೇಡಿ. ಹೊಟ್ಟು ಫಿಲ್ಟರ್ ಕಟ್ಟಿಸಿ ಬೇರಿಂಗ್‌ಗೆ ಎಣ್ಣೆ ಹೋಗದ ಹಾಗೆ ಮಾಡುತ್ತೆ. ಸದ್ದು ಮುಚ್ಚಿ ಹೋಗುತ್ತೆ, ಬಿರುಕು ಬೆಳೀತಾ ಇರುತ್ತೆ. ಗಟ್ಟಿ ಮಾಡಿದ ಉಕ್ಕಿನ ಹಲ್ಲಿಗೆ ಸುಮ್ನೆ ವೆಲ್ಡ್ ಹಾಕಿದರೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತೆ. ಇಂಥ ಗೇರ್ ಪಕ್ಕದಲ್ಲೇ ಮನುಷ್ಯರು ನಿಂತಿರ್ತಾರೆ, ಮರೀಬೇಡಿ.

ಮುಧೋಳ ಮೆಕ್ಯಾನಿಕಲ್: ಅದಕ್ಕೇ ಪ್ಲಾನೆಟರಿ ಗೇರ್‌ಬಾಕ್ಸ್ ಹಾಕಿ ಅನ್ನೋದು. ನಡುವಿನ ಗೇರ್ ಸುತ್ತ ಇರೋ ಮೂರ್ನಾಲ್ಕು ಪ್ಲಾನೆಟ್ ಗೇರ್ ಲೋಡನ್ನು ಹಂಚಿಕೊಳ್ತವೆ. ಜಾಗ ಕಡಿಮೆ, ಕರೆಂಟೂ ಉಳಿಯುತ್ತೆ.

ಮಂಡ್ಯ ಹಳೇ ಮಿಲ್: ಕೆಟ್ಟರೆ? ನಮ್ಮ ಓಪನ್ ಗೇರ್ (ಮುಚ್ಚಿದ ಕೇಸಿಂಗ್ ಇಲ್ಲದ್ದು) ಪಿನಿಯನ್ ಹತ್ತಿರದ ವರ್ಕ್‌ಶಾಪಲ್ಲೇ ಮಾಡಿಸ್ತೀವಿ. ನಿಮ್ಮದನ್ನು ಬಿಚ್ಚೋಕೂ ಕಂಪನಿಯವರೇ ಬರಬೇಕು.

ಮುಧೋಳ ಮೆಕ್ಯಾನಿಕಲ್: ಓಪನ್ ಗೇರ್ ಮೇಲೆ ಬಗಾಸ್ (ಹಿಂಡಿದ ಕಬ್ಬಿನ ಸಿಪ್ಪೆ) ಪುಡಿ ಕೂತು ಹಲ್ಲು ಸವೀತಾ ಇರುತ್ತಲ್ಲ, ಅದರ ಲೆಕ್ಕ ಹೇಳಿ.

ಮಂಡ್ಯ ಹಳೇ ಮಿಲ್: ಕ್ಲೀನ್ ಇಟ್ಟುಕೊಳ್ಳೋರಿಗೆ ಸವೆಯಲ್ಲ. ನಿಮ್ಮ ಕಡೆ ಮೇಂಟೆನೆನ್ಸ್ ಹೇಗೆ ಅಂತ ಗೊತ್ತು ಬಿಡಿ.

ಮುಧೋಳ ಮೆಕ್ಯಾನಿಕಲ್: ‘ನಿಮ್ಮ ಕಡೆ’ ಅಂದ್ರೆ ಏನ್ರಿ? ನಾವು ದಿನಕ್ಕೆ ಎಷ್ಟು ಅರೀತೀವಿ ಅಂತ ಬಂದು ನೋಡಿ, ಆಮೇಲೆ ಮಾತಾಡಿ.

ಗೋಕಾಕ ಬೆಳೆಗಾರ: ನಿಮ್ಮ ಜಗಳ ಇರಲಿ. ಮಿಲ್ ನಿಲ್ಲಿಸಿ ಅಂತ ಸುಲಭವಾಗಿ ಹೇಳ್ತೀರಿ. ಯಾರ್ಡ್‌ನಲ್ಲಿ ಕಬ್ಬು ಒಣಗಿ ತೂಕ ಹೋದರೆ ಯಾರು ಕೊಡ್ತಾರೆ?

ಗೇರ್ ಮೇಷ್ಟ್ರು: ನಿಮ್ಮ ಮಾತು ಸರಿ. ಅದಕ್ಕೇ ಈಗಲೇ ನಿಲ್ಲಿಸಿ ಅನ್ನೋದು. ಈಗ ನೋಡಿದರೆ ಏನಾಗಿದೆ ಅಂತ ತಿಳಿಯುತ್ತೆ. ಬುಲ್ ಗೇರ್ ಮುರಿದರೆ ಹೊಸದು ಮಾಡಿಸಿ ತರೋಕೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬೇಕು. ಒಂದು ಮಿಲ್‌ನಿಂದ ಮುಂದಿನದಕ್ಕೆ ಕಬ್ಬು ಸಾಗಿಸೋ ಕ್ಯಾರಿಯರ್‌ನಲ್ಲಿ ವ್ಯವಸ್ಥೆ ಇದ್ದರೆ ಮೂರನೇ ಮಿಲ್ ಬಿಟ್ಟು ಉಳಿದವನ್ನು ಓಡಿಸಬಹುದು. ಬಗಾಸ್‌ನಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ ಹೋಗುತ್ತೆ, ಕಬ್ಬು ಮಾತ್ರ ನಿಲ್ಲಲ್ಲ.

ಸಂಕೇಶ್ವರ: ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಯಾರ ಹತ್ತಿರವಾದರೂ ಇದೆಯಾ?

ನೈಟ್ ಶಿಫ್ಟ್ ಫಿಟ್ಟರ್: ಸರ್, ನಿಲ್ಲಿಸಿದ್ವಿ. ಬುಲ್ ಗೇರ್‌ನ ಎರಡು ಹಲ್ಲಿನ ಬುಡದಲ್ಲಿ ಕೆಂಪು ಗೆರೆ ಬಂತು. ಬ್ಲೂ ಗುರುತು ಟೇಲ್ ಬಾರ್ ಕಡೆ ತುದಿಯಲ್ಲಿ ಮಾತ್ರ. ವೆಲ್ಡರ್‌ಗೆ ಹೇಳಿ ಕಳಿಸಿದ್ದಾರೆ.

ಗೇರ್ ಮೇಷ್ಟ್ರು: ವೆಲ್ಡ್ ಬೇಡ. ಫೋಟೊ ತೆಗೆದು ಚೀಫ್ ಇಂಜಿನಿಯರ್‌ಗೆ ಬರವಣಿಗೆಯಲ್ಲಿ ಕೊಡು, ನಿನ್ನ ಬೀಗ ತೆಗೀಬೇಡ. ನನ್ನ ನಂಬರ್ ಕಳಿಸ್ತೀನಿ, ಅವರ ಹತ್ತಿರ ನಾನೇ ಮಾತಾಡ್ತೀನಿ.

ಬೀಳಗಿ ಫಿಟ್ಟರ್: ಸರ್, ಎಣ್ಣೆ ಬೆಳ್ಳಗಾದರೆ ಏನು ಮಾಡಬೇಕು?

ಗೇರ್ ಮೇಷ್ಟ್ರು: ಮೇಲೆ ಬರೆದಿದ್ದೀನಿ. ಓದಿ.