14 ತಂಡ ಸುತ್ತಿದ ಎಡ್ವಿನ್ ಜಾಕ್ಸನ್: ಯಾರಿಗೂ ಬೇಡವಾದ ಪಿಚರೋ, ಎಲ್ಲರಿಗೂ ಬೇಕಾದವನೋ?

ಹೊಸ ನೋಡುಗ:
ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ತಂಡಗಳಿಗೆ ಆಡಿದ ದಾಖಲೆ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಜಾಕ್ಸನ್‌ನದು. 2003ರಿಂದ 2019ರ ತನಕ 17 ಸೀಸನ್, 107 ಗೆಲುವು, 133 ಸೋಲು, ಇಆರ್‌ಎ (ಫೀಲ್ಡಿಂಗ್ ತಪ್ಪಿನವು ಬಿಟ್ಟು, ಒಂಬತ್ತು ಇನಿಂಗ್‌ಗೆ ಪಿಚರ್ ಬಿಟ್ಟುಕೊಟ್ಟ ಸರಾಸರಿ ರನ್; ಕಡಿಮೆ ಇದ್ದಷ್ಟೂ ಒಳ್ಳೇದು) 4.78. ಐಪಿಎಲ್‌ನಲ್ಲಿ ಆರನ್ ಫಿಂಚ್ 9 ತಂಡ ಸುತ್ತಿದ್ದು ಅರ್ಥವಾಗುತ್ತೆ, ಅಲ್ಲಿ ಹರಾಜಿದೆ. ಇಲ್ಲಿ ಹರಾಜೇ ಇಲ್ಲವಲ್ಲ! ಚೆನ್ನಾಗಿ ಆಡದವನನ್ನು ಇಷ್ಟು ವರ್ಷ ಯಾಕೆ ಕರೆದರು, ಆಡುವವನಾದರೆ ಯಾಕೆ ಬಿಟ್ಟರು? ಇನ್ನೊಂದು ಅನುಮಾನ: 2011ರ ಟ್ರೇಡ್‌ಗಳಲ್ಲಿ (ತಂಡಗಳ ನಡುವೆ ಆಟಗಾರರ ಅದಲುಬದಲು) ಟೊರಾಂಟೊ ಹೆಸರಿದೆ, ಆ ವರ್ಷದ ಅಂಕಿಅಂಶದಲ್ಲಿ ಇಲ್ಲ. ತಪ್ಪಾಗಿದೆಯಾ?

ಬುಲ್‌ಪೆನ್ ಮೂಲೆ:
ತಪ್ಪಿಲ್ಲ. 2011ರ ಜುಲೈ 27ರಂದು ವೈಟ್ ಸಾಕ್ಸ್ ಅವನನ್ನು ಟೊರಾಂಟೊಗೆ ಕೊಟ್ಟಿತು, ಟೊರಾಂಟೊ ಅದೇ ದಿನ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ದಾಟಿಸಿತು. ಪಂದ್ಯ ಆಡದೆ ತಂಡ ಲೆಕ್ಕಕ್ಕೆ ಬರಲ್ಲ. ತಮಾಷೆ ಅಂದ್ರೆ 2019ರಲ್ಲಿ ಅದೇ ಟೊರಾಂಟೊ ಅವನ 14ನೇ ತಂಡ ಆಯ್ತು. ಅವನಿಗಿಂತ ಮೊದಲು 13 ತಂಡಗಳ ದಾಖಲೆ ಇಟ್ಟುಕೊಂಡಿದ್ದ ಒಕ್ಟಾವಿಯೊ ಡೋಟೆಲ್ ಕೂಡ ಆ ದಿನ ಅವನ ಜೊತೆಗೇ ಸೇಂಟ್ ಲೂಯಿಸ್‌ಗೆ ಹೋದ. ಆ ವರ್ಷ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಗೆದ್ದಿತು.

ನಿಮ್ಮ ದೊಡ್ಡ ಪ್ರಶ್ನೆಗೆ: 14ನ್ನು ಒಂದೇ ಗಂಟಾಗಿ ನೋಡಬೇಡಿ. ಡಾಡ್ಜರ್ಸ್, ಟ್ಯಾಂಪಾ ಬೇ, ಡೆಟ್ರಾಯ್ಟ್, ಅರಿಜೋನಾ, ವೈಟ್ ಸಾಕ್ಸ್, ಕಾರ್ಡಿನಲ್ಸ್, ವಾಷಿಂಗ್ಟನ್, ಕಬ್ಸ್ ಈ ಮೊದಲ ಎಂಟೂ ಬೇಡಿಕೆಯ ಕಾಲದವು. 2007ರಿಂದ 2013ರವರೆಗೆ ಪ್ರತಿ ಸೀಸನ್‌ನಲ್ಲೂ ಕನಿಷ್ಠ 31 ಪಂದ್ಯ ಶುರುಮಾಡಿದ್ದಾನೆ (ಸ್ಟಾರ್ಟ್, ಅಂದ್ರೆ ತಂಡದ ಮೊದಲ ಪಿಚರ್ ಆಗಿ ಇಳಿಯೋದು). ತಂಡದ ಐದು ಜನ ಪಿಚರ್‌ಗಳು ಸರದಿಯಲ್ಲಿ ಸೀಸನ್ನಿನ 162 ಪಂದ್ಯ ಹಂಚಿಕೊಂಡರೆ ಒಬ್ಬನ ಪಾಲಿಗೆ ಬರೋದೇ 32-33. ಮೊಣಕೈ, ಭುಜ ಕೈಕೊಡುವ ಈ ಕೆಲಸದಲ್ಲಿ ಏಳು ವರ್ಷ ತಪ್ಪದೆ ಬಂದು ನಿಲ್ಲುವವನು ಸಾಧಾರಣ ಇಆರ್‌ಎ ಇದ್ದರೂ ಬೆಲೆಬಾಳುತ್ತಾನೆ. 2009ರಲ್ಲಿ ಡೆಟ್ರಾಯ್ಟ್‌ಗೆ ಆಡುತ್ತಾ ಆಲ್-ಸ್ಟಾರ್ ಆದ, ಅಂದ್ರೆ ಆ ವರ್ಷದ ಉತ್ತಮ ಆಟಗಾರರ ಪಂದ್ಯಕ್ಕೆ ಆಯ್ಕೆಯಾದ. ಆ ಡಿಸೆಂಬರಿನ ಮೂರು ತಂಡಗಳ ಟ್ರೇಡ್‌ನಲ್ಲಿ ಅವನನ್ನು ಬಿಟ್ಟುಕೊಟ್ಟ ಡೆಟ್ರಾಯ್ಟ್‌ಗೆ ಬಂದವರಲ್ಲಿ, ಮುಂದೆ ತನ್ನ ಕಾಲದ ಶ್ರೇಷ್ಠ ಪಿಚರ್‌ಗಳ ಸಾಲಿಗೆ ಸೇರಿದ ಮ್ಯಾಕ್ಸ್ ಶೆರ್ಜರ್ ಒಬ್ಬ. ಬೇಡದವನನ್ನು ಕೊಟ್ಟು ಅಂಥವನನ್ನು ತರೋಕಾಗುತ್ತಾ?

ಟ್ರೇಡ್‌ಗೆ ಆಟಗಾರನ ಒಪ್ಪಿಗೆಯೂ ಬೇಕಿಲ್ಲ. ಬೇಡ ಅನ್ನೋ ಹಕ್ಕು ಬೇಕಂದ್ರೆ ಒಪ್ಪಂದದಲ್ಲಿ ಬರೆಸಿಕೊಂಡಿರಬೇಕು, ಇಲ್ಲವೇ 10 ವರ್ಷ ಸೇವೆ ಆಗಿ ಅದರಲ್ಲಿ ಕೊನೆಯ 5 ಒಂದೇ ತಂಡದಲ್ಲಿ ಕಳೆದಿರಬೇಕು. ಜಾಕ್ಸನ್ ಎಲ್ಲೂ ಐದು ವರ್ಷ ನಿಲ್ಲಲೇ ಇಲ್ಲ.

ವೇವರ್ ಗುಮಾಸ್ತ:
ಕಬ್ಸ್ ನಂತರದ ಆರು ತಂಡಗಳ ಕಥೆ ಬೇರೆ, ಅದು ಪೂರ್ತಿ ಲೆಕ್ಕಾಚಾರ. ಕಬ್ಸ್ 2013ರಿಂದ 4 ವರ್ಷಕ್ಕೆ 5.2 ಕೋಟಿ ಡಾಲರ್ ಒಪ್ಪಂದ ಮಾಡಿತ್ತು. ಮೊದಲ ವರ್ಷವೇ 8 ಗೆಲುವು, 18 ಸೋಲು. 2015ರ ಜುಲೈನಲ್ಲಿ ಕೈಬಿಟ್ಟಿತು.

ಕ್ರಮ ಹೀಗೆ: ಮೊದಲು ತಂಡದ 40 ಜನರ ಪಟ್ಟಿಯಿಂದ ಹೆಸರು ತೆಗೀತಾರೆ. ಆಮೇಲೆ ಈಗಿನ ನಿಯಮದಂತೆ 7 ದಿನದೊಳಗೆ ಟ್ರೇಡ್ ಮಾಡಬೇಕು, ಇಲ್ಲ ವೇವರ್‌ಗೆ (ಬೇಕಾದ ತಂಡ ಎತ್ತಿಕೊಳ್ಳಲಿ ಅಂತ ಎಲ್ಲರ ಮುಂದಿಡೋದು) ಹಾಕಬೇಕು, ಇಲ್ಲ ಬಿಡುಗಡೆ ಮಾಡಬೇಕು. ವೇವರ್‌ನಲ್ಲಿ ಎತ್ತಿಕೊಂಡ ತಂಡ ಉಳಿದ ಒಪ್ಪಂದದ ಸಂಬಳ ಅಷ್ಟನ್ನೂ ಹೊರಬೇಕು, ಹಾಗಾಗಿ ಭಾರಿ ಸಂಬಳದವನನ್ನು ಯಾರೂ ಮುಟ್ಟಲ್ಲ. ಬಿಡುಗಡೆ ಆಗುವವರೆಗೆ ಸುಮ್ಮನಿದ್ದರೆ ಅದೇ ಆಟಗಾರ ಕನಿಷ್ಠ ಸಂಬಳಕ್ಕೆ ಸಿಗುತ್ತಾನೆ. 2015, 2016ರಲ್ಲಿ ಅದು ವರ್ಷಕ್ಕೆ 5,07,500 ಡಾಲರ್. ಅದನ್ನೂ ಆಡಿದ ದಿನಗಳಷ್ಟಕ್ಕೆ ಕೊಟ್ಟರೆ ಸಾಕು, ಮಿಕ್ಕಿದ್ದು ಹಳೆ ತಂಡದ ತಲೆ ಮೇಲೆ. ಅಟ್ಲಾಂಟಾ, ಮಯಾಮಿ, ಸ್ಯಾನ್ ಡಿಯಾಗೊ ಮೂರಕ್ಕೂ ಅವನು ಸಿಕ್ಕಿದ್ದು ಆ ಒಪ್ಪಂದದ ಅವಧಿಯಲ್ಲೇ.

2017ರಿಂದ ಮೈನರ್ ಲೀಗ್ (ಮೇಜರ್ ಲೀಗ್‌ನ ಕೆಳಗಿನ ಹಂತ) ಒಪ್ಪಂದಗಳು. ಅಂಥದರಲ್ಲಿ ಅನುಭವಿಗಳು ಇಂಥ ತಾರೀಖಿನೊಳಗೆ ಮೇಲಕ್ಕೆ ಕರೆಯದಿದ್ದರೆ ಹೊರಡ್ತೀನಿ ಅಂತ ಬರೆಸಿಕೊಳ್ತಾರೆ. 2018ರಲ್ಲಿ ವಾಷಿಂಗ್ಟನ್ ಕರೆಯಲಿಲ್ಲ, ಜೂನ್‌ನಲ್ಲಿ ಓಕ್ಲೆಂಡ್‌ಗೆ ಹೋದ: 17 ಸ್ಟಾರ್ಟ್, ಇಆರ್‌ಎ 3.33.

ಹೊಸ ನೋಡುಗ:
ಸಂಬಳದ ಲೆಕ್ಕ ಈಗ ಹೊಳೀತು. ಆದರೆ 2010ರಲ್ಲಿ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದೆ ಪೂರ್ತಿ ಪಂದ್ಯ) ಹಾಕಿದವನ ಒಟ್ಟು ಇಆರ್‌ಎ 4.78ಕ್ಕೆ ಹೇಗೆ ಹೋಯ್ತು?

ಬುಲ್‌ಪೆನ್ ಮೂಲೆ:
ಉತ್ತರ ಆ ನೋ-ಹಿಟ್ಟರ್ ಒಳಗೇ ಇದೆ. 2010ರ ಜೂನ್ 25, ಅರಿಜೋನಾ ಪರವಾಗಿ, ತನ್ನದೇ ಹಳೆಯ ಟ್ಯಾಂಪಾ ಬೇ ಎದುರು. ಮೊದಲ ಮೂರು ಇನಿಂಗ್‌ನಲ್ಲೇ 7 ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್). ಮೂರನೆಯದರಲ್ಲಿ ಒಂದೂ ಔಟ್ ಇಲ್ಲದೆ ಮೂರು ಬೇಸೂ ತುಂಬಿ ಕೂತಿದ್ದವು, ರನ್ ಬಿಡದೆ ಪಾರಾದ. ಉಳಿದ ಆರು ಇನಿಂಗ್‌ನಲ್ಲಿ ಒಂದೇ ವಾಕ್. ಒಟ್ಟು 149 ಎಸೆತ, 1-0. ಸಾಮಾನ್ಯವಾಗಿ 100ರ ಆಸುಪಾಸಿನಲ್ಲೇ ಪಿಚರ್‌ನನ್ನು ಇಳಿಸಿಬಿಡ್ತಾರೆ. ಅವನ ಫಾಸ್ಟ್‌ಬಾಲ್‌ಗೆ ವೇಗದ ಕೊರತೆ ಇರಲಿಲ್ಲ, ಚೆಂಡು ಬೇಕಾದ ಜಾಗಕ್ಕೆ ಹೋಗ್ತಿರಲಿಲ್ಲ. ಬ್ಯಾಟರ್ ಸುಮ್ಮನೆ ನಿಂತರೆ ವಾಕ್. ವಾಕ್ ತಪ್ಪಿಸೋಕೆ ಮಧ್ಯಕ್ಕೆ ಎಸೆದರೆ ಹೊಡೆತ. ಐದನೇ ಇನಿಂಗ್ ಹೊತ್ತಿಗೆ ಎಸೆತದ ಲೆಕ್ಕ ಮುಗಿದಿರುತ್ತೆ. ಆ ಒಂದು ರಾತ್ರಿ ಮಾತ್ರ ಸುಮ್ಮನೆ ನಿಂತವರಿಗೆ ವಾಕ್ ಸಿಕ್ಕಿತು, ಬೀಸಿದವರಿಗೆ ಏನೂ ಸಿಗಲಿಲ್ಲ.

ಇಷ್ಟಾಗಿ ಐದು ವಾರಕ್ಕೆ, ಜುಲೈ 30ರಂದು, ಅರಿಜೋನಾ ಅವನನ್ನು ವೈಟ್ ಸಾಕ್ಸ್‌ಗೆ ಕೊಟ್ಟಿತು.