ಏರ್ ಫಿಲ್ಟರ್: ದಯವಿಟ್ಟು ‘ಹಿಂಡಿ’ ಅಂತ ಬರೆಯಬೇಡಿ

ನಮಸ್ಕಾರ ರೀ,

ಬೈಕಿನ ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ತಡೆಯುವ ಏರ್ ಫಿಲ್ಟರನ್ನು ತೊಳೆಯುವುದು ಹೇಗೆ ಅಂತ ಹೇಳುವ ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು, ಅದರಲ್ಲಿ ‘ಏರ್ ಫಿಲ್ಟರ್’ಗೆ ಕನ್ನಡದಲ್ಲಿ ಏನು ಬರೆಯಬೇಕು ಅಂತ ನಮ್ಮ ಪತ್ರ ಬಳಗದಲ್ಲಿ ಕೇಳಿದ್ದೀರಿ. ಹಾಗಾಗಿ ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ‘ಏರ್ ಫಿಲ್ಟರ್’ ಅಂತಲೇ ಬರೆಯಿರಿ. ಬೆಳಗಾವಿಯ ಉದ್ಯಮಬಾಗದಲ್ಲಿ ಕೇಳಿ, ಮುಧೋಳದ ರಸ್ತೆ ಬದಿಯ ಗ್ಯಾರೇಜಿನಲ್ಲಿ ಕೇಳಿ, ಎಲ್ಲರ ಬಾಯಲ್ಲೂ ಅದೇ. ಮಣ್ಣು ದಾರಿಯಲ್ಲಿ ಓಡಿಸುವ ಹಳೆ ಡರ್ಟ್ ಬೈಕಿನಲ್ಲಿ ಅದರೊಳಗೆ ಕೂತಿರುವ ಮೆತ್ತನೆಯ ತುಂಡಿಗೆ ‘ಸ್ಪಂಜು’ ಅಂದರೆ ಸಾಕು.

ಇದಕ್ಕೆ ಬದಲು ಅಂತ ನಿನ್ನೆಯಿಂದ ಬಳಗದವರು ಸೂಚಿಸಿರುವ ಪದಗಳ ಬಗ್ಗೆ ಎರಡು ಮಾತು. ‘ವಾಯುಶೋಧಕ’ ಬೇಡ. ಶೋಧ ಅಂದರೆ ಇವತ್ತಿನ ಕನ್ನಡದಲ್ಲಿ ಹುಡುಕಾಟ. ಶುದ್ಧ ಮಾಡು ಅನ್ನುವ ‘ಶುಧ್’ ಧಾತುವಿನ ಪಾಠವನ್ನು ಮೆಕ್ಯಾನಿಕ್‌ಗೆ ಯಾರು ಹೇಳುತ್ತಾರೆ? ‘ಗಾಳಣಿ’ಯಲ್ಲಿ ನಮ್ಮ ‘ಗಾಳಿ’ ಇದೆ ಅಂದವರ ಮಾತು ತಪ್ಪು. ಅದು ಮರಾಠಿಯ ಗಾಳಣೆ, ಸಂಸ್ಕೃತದ ಗಾಲನ. ಸೋಸುವುದು ಅಂತ ಅರ್ಥ. ಗಾಳಿಗೂ ಅದಕ್ಕೂ ಸಂಬಂಧವೇ ಇಲ್ಲ.

‘ಗಾಳಿ ಸಾಣಿಗೆ’ ಕಿವಿಗೆ ಚೆಂದ, ಒಪ್ಪುತ್ತೇನೆ. ಆದರೆ ಸಾಣಿಗೆಯಲ್ಲಿ ಜೋಳದ ಹಿಟ್ಟು ಕೆಳಗೆ ಬೀಳುತ್ತದೆ, ತೌಡು ಮೇಲೆ ಉಳಿಯುತ್ತದೆ. ಎಲ್ಲಾ ತೂತಿನ ಅಳತೆಯ ಕೆಲಸ. ಸ್ಪಂಜಿನ ಕೆಲಸ ಅಷ್ಟೇ ಅಲ್ಲ. ಅದರೊಳಗಿನ ಎಣ್ಣೆಯ ಅಂಟಿಗೆ ಧೂಳು ಸಿಕ್ಕಿಕೊಳ್ಳುತ್ತದೆ. ಎಣ್ಣೆ ಇಲ್ಲದ ಒಣ ಸ್ಪಂಜು ಹಾಕಿ ಎರೆ ಹೊಲದ ದಾರಿಯಲ್ಲಿ ಓಡಿಸಿದರೆ, ಸಣ್ಣ ಧೂಳು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ದಾಟಿ ಹೋಗಿ ಎಂಜಿನ್ ಒಳಗಿನ ಪಿಸ್ಟನ್ ರಿಂಗನ್ನೇ ತಿನ್ನುತ್ತದೆ.

ಇನ್ನು ನಿಜವಾದ ವಿಷಯ. ನಿಮ್ಮ ಕರಡಿನ ಮೂರನೇ ಸಾಲಿನಲ್ಲಿ ‘ಚೆನ್ನಾಗಿ ಹಿಂಡಿ’ ಅಂತಿದೆ. ಅದನ್ನು ಯಾರೂ ಗಮನಿಸಲಿಲ್ಲ, ಅಲ್ವಾ?

ಮೂರು ವರ್ಷದ ಹಿಂದೆ ನಾನೂ ಹೀಗೇ ಬರೆದಿದ್ದೆ. 1970ರ ದಶಕದ ಯಮಹಾ ಡಿಟಿ 175 ಬೈಕು. ಅದರ ಇಂಗ್ಲಿಷ್ ಸೂಚನೆಯ ಹಾಳೆಯಲ್ಲಿ ಎರಡು ಬೇರೆ ಬೇರೆ ಕ್ರಿಯಾಪದ ಇದ್ದವು: ಅದುಮಬೇಕು, ತಿರುಚಬಾರದು. ನಾನು ಎರಡನ್ನೂ ‘ಹಿಂಡು’ವಿನೊಳಗೆ ಹಾಕಿ ಮುಗಿಸಿದ್ದೆ. ಗ್ಯಾರೇಜಿನ ಹುಡುಗ ಓದಿದ. ಲುಂಗಿ ಹಿಂಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತಿರುವಿದ. ಅಂಟು ಹಾಕಿದ ಅಂಚಿನ ಹತ್ತಿರ ಸ್ಪಂಜು ಸೀಳಿತು. ಅವನ ಅಂಗೈ ತುಂಬ ಹಳದಿ ಪುಡಿ. “ಹಿಂಡ್ರಿ ಅಂತ ನೀವ ಬರದೀರಲ್ರಿ ಸರ” ಅಂದ. ಅವನದೇನೂ ತಪ್ಪಿಲ್ಲ. ನಮ್ಮ ‘ಹಿಂಡು’ ಒಳಗೆ ನಿಂಬೆಹಣ್ಣೂ ಇದೆ, ಎಮ್ಮೆಯ ಹಾಲೂ ಇದೆ, ಒದ್ದೆ ಬಟ್ಟೆಯೂ ಇದೆ. ಕೈಯಲ್ಲಿ ಒದ್ದೆಯ ವಸ್ತು ಇದ್ದರೆ ಕೈ ತಾನಾಗಿ ತಿರುಚುತ್ತದೆ. ಆದ್ದರಿಂದ ‘ಅಂಗೈಯಲ್ಲಿ ಅದುಮಿ’ ಅನ್ನಿ, ‘ತಿರುಚಬೇಡಿ’ ಅಂತ ಬೇರೆ ಸಾಲಿನಲ್ಲಿ ಹೇಳಿ.

‘ಸ್ವಚ್ಛಗೊಳಿಸಿ’ಯೂ ಅಷ್ಟೇ, ಹೇಗೆ ಅಂತ ಹೇಳುವುದಿಲ್ಲ. ಸ್ಪಂಜನ್ನು ತೊಳೆಯಬೇಕು. ಪೇಪರ್ ಫಿಲ್ಟರನ್ನು ಕೊಡವಬೇಕು, ನೀರು ಬಿದ್ದರೆ ಅದು ಕೆಟ್ಟಿತು. ‘ಎಣ್ಣೆ ಹಚ್ಚಿ’ ಅಂದರೆ ಮೇಲೆ ಮೇಲೆ ಸವರುತ್ತಾರೆ. ‘ಎಣ್ಣೆ ಕುಡಿಸಿ’ ಅನ್ನಿ. ಈ ಎಣ್ಣೆಗೆ ‘ಕೀಲೆಣ್ಣೆ’ ಅನ್ನೋಣ ಅಂದವರು ಬಂಡಿಯ ಅಚ್ಚು ನೋಡಿಲ್ಲ ಅನಿಸುತ್ತದೆ. ಅಚ್ಚಿಗೆ ಹಾಕುವ ಅಂಥ ಗಟ್ಟಿ ಎಣ್ಣೆ ಸ್ಪಂಜಿಗೆ ಹೋದರೆ ಗಾಡಿಯ ಉಸಿರೇ ಕಟ್ಟುತ್ತದೆ.

‘ಬದಲಿಸಿ’ ಇರಲಿ. ಆದರೆ ಒಂದೂ ಹೊರಗಿನ ಪದ ಬೇಡ ಅಂತ ಪಟ್ಟು ಹಿಡಿದವರಿಗೆ ಹೇಳಬೇಕು: ‘ಬದಲು’ ಅರಬ್ಬಿಯಿಂದ ಬಂದದ್ದು. ಗಾಡಿಯ ‘ಚಾವಿ’ ಪೋರ್ಚುಗೀಸರದು. ‘ಸಾಬೂನು’ ಕೂಡ ಇಲ್ಲಿ ಹುಟ್ಟಿದ್ದಲ್ಲ. ಇವುಗಳಿಂದ ಕನ್ನಡ ಸೊರಗಲಿಲ್ಲ, ‘ಫಿಲ್ಟರ್’ನಿಂದಲೂ ಸೊರಗುವುದಿಲ್ಲ. ನನಗೆ ಸಂಕಟ ಆಗುವುದು ಬೇರೆ ಕಡೆ. ತೊಳೆ, ಕೊಡವು, ಒರೆಸು, ಉಜ್ಜು, ಜಾಲಿಸು, ಇಷ್ಟನ್ನೂ ‘ಕ್ಲೀನ್ ಮಾಡು’ ಒಂದೇ ನುಂಗುತ್ತಿದೆ. ನಾವು ಇಲ್ಲಿ ನಾಮಪದಕ್ಕೆ ನಲವತ್ತು ಪತ್ರ ಬರೆಯುತ್ತೇವೆ, ಕ್ರಿಯಾಪದದ ಕಡೆ ತಿರುಗಿಯೂ ನೋಡುವುದಿಲ್ಲ.

ಬೋರ್ಡಿಗೆ ಇಷ್ಟು ಹಾಕಿ:

“ಏರ್ ಫಿಲ್ಟರಿನ ಸ್ಪಂಜು ಹೊರಗೆ ತೆಗೆಯಿರಿ. ಗಾಳಿ ಒಳಹೋಗುವ ಬಾಯಿಗೆ ಚೊಕ್ಕ ಅರಿವೆ ತುರುಕಿ. ಸ್ಪಂಜನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯಿರಿ. ಪೆಟ್ರೋಲ್ ಬೇಡ: ಬೆಂಕಿಯ ಭಯ, ಸ್ಪಂಜಿನ ಅಂಚಿನ ಅಂಟೂ ಬಿಡುತ್ತದೆ. ಆಮೇಲೆ ಸಾಬೂನು ನೀರಿನಲ್ಲಿ ಅದುಮಿ ಅದುಮಿ ತೊಳೆಯಿರಿ.
ತಿರುಚಬೇಡಿ.
ನೆರಳಿನಲ್ಲಿ ಪೂರ್ತಿ ಒಣಗಿಸಿ. ಫಿಲ್ಟರ್ ಆಯಿಲ್ ಕುಡಿಸಿ, ಜಾಸ್ತಿ ಆದದ್ದನ್ನು ಅದುಮಿ ತೆಗೆಯಿರಿ. ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಿ. ಅರಿವೆ ತೆಗೆಯಲು ಮರೆಯಬೇಡಿ. ಸ್ಪಂಜು ಹರಿದಿದ್ದರೆ, ಮುಟ್ಟಿದರೆ ಪುಡಿಯಾಗುತ್ತಿದ್ದರೆ, ತೊಳೆಯಬೇಡಿ. ಬದಲಿಸಿ.”

‘ಚಿಮಣಿ ಎಣ್ಣೆ’ ಮೈಸೂರು ಕಡೆಯವರಿಗೆ ತಿಳಿಯುವುದಿಲ್ಲ, ‘ಸೀಮೆಎಣ್ಣೆ’ ಮಾಡಿ ಅಂತ ಯಾರಾದರೂ ಬರೆಯಬಹುದು. ಬೋರ್ಡು ತೂಗುವುದು ಬೆಳಗಾವಿಯಲ್ಲಿ. ಹಾಗೇ ಇರಲಿ.