ಫ್ರೆಂಡ್‌ಗೆ ಹೈ ಎಂಡ್ ಗೇಮಿಂಗ್ ಪಿಸಿ ಜೋಡಿಸಿಕೊಡ್ತಿದ್ದೀನಿ, ಮಾಡಿದವರು ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನನ್ನ ಗೆಳೆಯ ಒಬ್ಬ ಎರಡು ವರ್ಷದಿಂದ ದುಡ್ಡು ಕೂಡಿಡ್ತಾ ಬಂದಿದ್ದ, ಈಗ ಒಂದು ಒಳ್ಳೇ ಗೇಮಿಂಗ್ ಪಿಸಿ ಬೇಕು, ಪಾರ್ಟ್ಸ್ ಆರಿಸೋದೂ ನೀನೇ ಜೋಡಿಸೋದೂ ನೀನೇ ಅಂತ ಪೂರ್ತಿ ನನ್ನ ಮೇಲೆ ಬಿಟ್ಟಿದ್ದಾನೆ. ನಾನು ಇಲ್ಲೀವರೆಗೆ ನಂದೇ ಎರಡು ಸಾಧಾರಣ ಪಿಸಿ ಜೋಡಿಸಿದ್ದೀನಿ, ಇಷ್ಟು ದುಬಾರಿ ಸಾಮಾನು ಕೈಲಿ ಹಿಡಿದಿಲ್ಲ. ಸದ್ಯಕ್ಕೆ ತಲೇಲಿರೋದು ರೈಜನ್ 7 9800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 5090 ಇಲ್ಲಾ 5080 ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ್‍ಯಾಮ್, 360 ಎಂಎಂ ಲಿಕ್ವಿಡ್ ಕೂಲರ್. ಬೇರೆಯವರ ದುಡ್ಡಲ್ಲಿ ಇಂಥ ಪಿಸಿ ಜೋಡಿಸಿದವರು ಎಲ್ಲಿ ಎಡವಿದ್ರಿ, ಏನು ಮೊದಲೇ ಗೊತ್ತಿದ್ರೆ ಚೆನ್ನಾಗಿರ್ತಿತ್ತು, ಹೇಳಿ ಪ್ಲೀಸ್.

*

ಮೊದಲು ಒಂದು ಮಾತು ಕೇಳು ಗುರು, ಅವನ ಹತ್ರ ಮಾನಿಟರ್ ಯಾವುದಿದೆ? ನೀನು ಬರೆದಿರೋದ್ರಲ್ಲಿ ಅದೊಂದೇ ಇಲ್ಲ.

ನಾನು ಯಾಕೆ ಕೇಳ್ತಿದ್ದೀನಿ ಅಂದ್ರೆ ನಾನೂ ಹೀಗೇ ಫ್ರೆಂಡ್ ಒಬ್ಬನಿಗೆ 4090 ಗ್ರಾಫಿಕ್ಸ್ ಕಾರ್ಡ್ ಹಾಕಿ ಪಿಸಿ ಮಾಡಿಕೊಟ್ಟೆ, ಇದ್ದ ಬದ್ದ ಬಜೆಟ್ ಎಲ್ಲಾ ಡಬ್ಬದೊಳಗೇ ಸುರಿದ್ವಿ, ಮಾನಿಟರ್ ಆಮೇಲೆ ನೋಡ್ಕೊಳ್ಳೋಣ ಅಂತ ಅವನ ಹಳೇ 1080ಪಿ 60 ಹರ್ಟ್ಜ್ ಮಾನಿಟರ್‌ಗೇ ಚುಚ್ಚಿದ್ವಿ. ಸಂಜೆ ಅವನಿಗೆ ಇಷ್ಟವಾದ ಗೇಮ್ ಹಾಕಿದ, ಹತ್ತು ನಿಮಿಷ ಆಡಿದ, ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ "ಮುಂಚಿನ ಥರಾನೇ ಕಾಣ್ತಿದೆ ಅಲ್ವಾ" ಅಂದ. ಬೇಜಾರಲ್ಲಿ ಹೇಳಿದ್ದಲ್ಲ, ನಿಜವಾಗ್ಲೂ ಗೊತ್ತಾಗ್ದೇ ಕೇಳಿದ್ದು. ಕಾರ್ಡು ಸೆಕೆಂಡಿಗೆ ಇನ್ನೂರು ಫ್ರೇಮ್ ಕೊಡ್ತಿದ್ರೂ ಆ ಸ್ಕ್ರೀನ್ ತೋರಿಸೋದು ಅರವತ್ತೇ, ಅವನ ಕಣ್ಣಿಗೆ ಏನು ವ್ಯತ್ಯಾಸ ಕಾಣಬೇಕು. ಆ ಮಾತು ನಂಗೆ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಸ್ಕ್ರೀನಿಂದ ಶುರು ಮಾಡು, ಅಲ್ಲಿಂದ ಹಿಂದಕ್ಕೆ ಬಾ. ಅವನು ಆಡೋದು ಶೂಟರ್ ಗೇಮಾ, ಹಾಗಾದ್ರೆ 1440ಪಿ, 240 ಹರ್ಟ್ಜ್ ಸ್ಕ್ರೀನ್, ಅಲ್ಲಿ 9800ಎಕ್ಸ್3ಡಿಗೆ ನಿಜವಾದ ಕೆಲಸ ಇದೆ. 8 ಕೋರೇ ಇರೋದು, ಆದ್ರೆ ಅದರಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಗೇಮಿಗೆ ಪದೇ ಪದೇ ಬೇಕಾಗೋ ಡೇಟಾ ಪ್ರೊಸೆಸರ್ ಪಕ್ಕದಲ್ಲೇ ಸಿಗತ್ತೆ, ಪ್ರತಿ ಸಲ ರ್‍ಯಾಮ್‌ವರೆಗೆ ಓಡಬೇಕಿಲ್ಲ, ಅದಕ್ಕೇ ಗೇಮಿಂಗಲ್ಲಿ ಅಷ್ಟು ಹೆಸರು. ಇಲ್ಲ, ದೊಡ್ಡ ಓಪನ್ ವರ್ಲ್ಡ್ ಗೇಮ್ 4ಕೆನಲ್ಲಿ ನಿಧಾನಕ್ಕೆ ಆಡ್ತಾನೆ ಅಂದ್ರೆ ಭಾರ ಎಲ್ಲಾ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳತ್ತೆ, ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿಂದು ತಗೊಂಡ್ರೂ ನಡೆಯತ್ತೆ. 5090ಗೆ 32 ಜಿಬಿ ಮೆಮೊರಿ, 575 ವ್ಯಾಟ್. 5080ಗೆ 16 ಜಿಬಿ, 360 ವ್ಯಾಟ್. 5090ಗೆ ಎನ್ವಿಡಿಯಾದವರೇ 1000 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ಹೇಳ್ತಾರೆ, 5080ಗೆ 850. ಆ 575 ವ್ಯಾಟ್ ಪೂರ್ತಿ ಬಿಸಿಗಾಳಿಯಾಗಿ ಅವನ ರೂಮಿಗೇ ಬರತ್ತೆ ಅನ್ನೋದನ್ನೂ ಅವನಿಗೆ ಹೇಳು, ಮುಚ್ಚಿದ ಸಣ್ಣ ರೂಮಲ್ಲಿ ಎರಡು ಗಂಟೆ ಆಡಿದ್ರೆ ಗೊತ್ತಾಗತ್ತೆ. ನನ್ನ ಪ್ರಕಾರ 5080 ಹಾಕಿ, ಉಳಿದಿದ್ರಲ್ಲಿ ಒಳ್ಳೇ ಓಎಲ್‌ಇಡಿ ಮಾನಿಟರ್ ಕೊಡಿಸು, ಅವನು ದಿನಾ ನೋಡೋದು ಅದನ್ನೇ.

*

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕೇಬಲ್ ಬಗ್ಗೆ ಮಾತ್ರ ಹೇಳ್ತೀನಿ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ.

ಈ ಕಾರ್ಡುಗಳಿಗೆ ಬರೋದು 16 ಪಿನ್ನಿನ ಒಂದೇ ಸಣ್ಣ ಕನೆಕ್ಟರ್, 600 ವ್ಯಾಟ್‌ವರೆಗೆ ಅದರಲ್ಲೇ ಹೋಗಬೇಕು. 12 ವೋಲ್ಟಲ್ಲಿ 600 ವ್ಯಾಟ್ ಅಂದ್ರೆ 50 ಆಂಪಿಯರ್, ಅದೂ ಆರೇ ಆರು ಪವರ್ ಪಿನ್ನಲ್ಲಿ. 2022ರಲ್ಲಿ 4090 ಬಂದ ಹೊಸದ್ರಲ್ಲಿ ಇದು ಕರಗಿದ ಸುದ್ದಿಗಳು ಬಂದ್ವು ನೆನಪಿರಬಹುದು, ಆಮೇಲೆ 12ವಿ-2x6 ಅಂತ ತಿದ್ದಿದ ಕನೆಕ್ಟರ್ ತಂದ್ರು, ಪ್ಲಗ್ ಕೂತಿದೆಯಾ ಅಂತ ಕಾರ್ಡಿಗೆ ತಿಳಿಸೋ ಸೆನ್ಸ್ ಪಿನ್ ಗಿಡ್ಡ ಮಾಡಿದ್ರು, ಸರಿಯಾಗಿ ಕೂರದಿದ್ರೆ ಕಾರ್ಡ್ ಪವರ್ ಎಳೀಬಾರ್ದು ಅಂತ. ಅದಾದ ಮೇಲೂ ಕರಗಿದ ಪ್ರಕರಣಗಳು ನಿಂತಿಲ್ಲ, ಹಾಗಾಗಿ ನಿಮ್ಮ ಕೈ ಕಣ್ಣು ಎರಡನ್ನೂ ನಂಬಿ. ಹೆಬ್ಬೆರಳಿಟ್ಟು ಒತ್ತಿ, ಕ್ಲಿಕ್ ಅಂತ ಶಬ್ದ ಸರಿಯಾಗಿ ಕೇಳಿಸಲ್ಲ ಎಷ್ಟೋ ಸಲ, ಆದ್ರಿಂದ ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ನೋಡಿ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಕೂದಲೆಳೆಯಷ್ಟೂ ಸಂದು ಕಾಣಬಾರ್ದು. ಕನೆಕ್ಟರ್ ಬುಡದಲ್ಲೇ ವೈರ್ ಬಗ್ಗಿಸ್ಬೇಡಿ, ಮೂರ್ನಾಲ್ಕು ಸೆಂಟಿಮೀಟರ್ ನೇರ ಬಂದು ಆಮೇಲೆ ತಿರುಗಲಿ. ಕ್ಯಾಬಿನೆಟ್ ಆರಿಸುವಾಗ ಎಲ್ಲರೂ ಕಾರ್ಡಿನ ಉದ್ದ ಒಂದೇ ನೋಡ್ತಾರೆ, ಅಗಲ ನೋಡಲ್ಲ, ಕೊನೆಗೆ ಗಾಜಿನ ಪ್ಯಾನೆಲ್ ಮುಚ್ಚಿದಾಗ ಅದು ಕೇಬಲ್ಲನ್ನ ಅದುಮಿ ಹಿಡಿಯತ್ತೆ. ನಂದು ಹಾಗೇ ಆಗಿತ್ತು, ಕ್ಯಾಬಿನೆಟ್ಟೇ ಬದಲಾಯಿಸಿದೆ.

ಇನ್ನೊಂದು. ಹಳೇ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಬಿಚ್ಚಿ ಹಾಕೋ) ಕೇಬಲ್ ಹೊಸದಕ್ಕೆ ಹಾಕ್ಬೇಡಿ, ಒಂದೇ ಕಂಪನಿದಾದ್ರೂ ಹಾಕ್ಬೇಡಿ. ಎಸ್‌ಎಂಪಿಎಸ್ ಕಡೆ ಯಾವ ಪಿನ್ನಲ್ಲಿ ಯಾವ ವೋಲ್ಟೇಜ್ ಅನ್ನೋದಕ್ಕೆ ಎಲ್ಲರಿಗೂ ಒಂದೇ ನಿಯಮ ಅಂತ ಇಲ್ಲ, ಪ್ಲಗ್ ನೀಟಾಗಿ ಕೂತ್ಕೊಳತ್ತೆ, ಆನ್ ಮಾಡಿದ ತಕ್ಷಣ ಹಾರ್ಡ್ ಡಿಸ್ಕ್ ಸುಟ್ಟು ಹೋಗಬಹುದು. ಎಟಿಎಕ್ಸ್ 3.1 ಅನ್ನೋ ಹೊಸ ಮಾನದಂಡದ ಎಸ್‌ಎಂಪಿಎಸ್ ತಗೊಂಡು ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಿ.

*

ನಮಸ್ಕಾರ್ರಿ. ಗಾಜಿನ ಪ್ಯಾನೆಲ್ ಅಂದ್ರಲ್ಲ, ಅದರದೊಂದು ಹೇಳ್ತೀನಿ ಕೇಳ್ರಿ. ಗೆಳೆಯಾಗ ಪಿಸಿ ಜೋಡಿಸೂ ಮುಂಚೆ ಪ್ಯಾನೆಲ್ ತೆಗದು ಗೋಡಿಗೆ ಒರಗಿಸಿ ಇಟ್ಟಿದ್ದೆ, ಕೆಳಗ ಟೈಲ್ಸ್ ಇತ್ತು. ನಾ ಏನೂ ಎಸದಿಲ್ಲ, ಬೀಳಿಸಿಲ್ಲ, ಬರೇ ಇಡೂವಾಗ ಮೂಲಿ ಒಂದಿಷ್ಟು ಟೈಲ್ಸಿಗೆ ತಾಕಿತ್ರಿ, ಪಟ್ಟಂತ ಅಂದು ಇಡೀ ಗಾಜು ಸಕ್ಕರಿ ಹರಳಿನಂಗ ನೆಲದ ಮ್ಯಾಲೆ ಬಿತ್ತು. ಟೆಂಪರ್ಡ್ ಗಾಜಿನ ಶಕ್ತಿ ಎಲ್ಲಾ ನಡುವ ಇರ್ತದ, ಅಂಚಿನಾಗ ಇರೂದಿಲ್ಲ, ಟೈಲ್ಸ್ ಅಂತೂ ಅದಕ್ಕಿಂತ ಗಟ್ಟಿ. ಅಂವಾ ಪಾಪ ಏನೂ ಅನ್ನಲಿಲ್ಲ, ಆದ್ರ ಅವನ ಮಾರಿ ನೋಡಿ ನಂಗ ಅವತ್ತು ಊಟ ಸೇರಲಿಲ್ಲ. ಪ್ಯಾನೆಲ್ ತೆಗದ ಕೂಡಲೇ ಅದರ ರಟ್ಟಿನ ಡಬ್ಬಿಯೊಳಗ ಹಾಕಿ ಮಂಚದ ಮ್ಯಾಲೆ ಇಟ್ಟುಬಿಡ್ರಿ, ಎಲ್ಲಾ ಮುಗಿದ ಮ್ಯಾಲೆ ಹೊರಗ ತೆಗೀರಿ.

ಮತ್ತ, ಜೋಡಿಸಿದ್ದನ್ನ ಅವನ ಮನಿಗೆ ಒಯ್ಯೂದಿದ್ರ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬ್ಯಾರೆ ಒಯ್ರಿ. ಅಷ್ಟು ತೂಕದ್ದು ಗಾಡಿ ಒಂದು ಗುಂಡಿಗೆ ಬಿದ್ರ ಸಾಕು, ಸ್ಲಾಟೇ ಕಿತ್ತು ಬರ್ತದ.

*

ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾನಿಟರ್ ಕೇಳಿದೆ, ಅವನದ್ದೂ 1080ಪಿನೇ. 5080, ಜೊತೆಗೆ 1440ಪಿ ಓಎಲ್‌ಇಡಿ ಅಂತ ಇಬ್ರೂ ಕೂತು ತೀರ್ಮಾನ ಮಾಡಿದ್ವಿ. ರ್‍ಯಾಮ್ 16ರದ್ದು ನಾಲ್ಕು ಹಾಕಿದ್ರೆ ನಾಲ್ಕೂ ಸ್ಲಾಟ್ ತುಂಬಿ ನೋಡೋಕೆ ಚೆನ್ನಾಗಿರತ್ತೆ ಅಂತಾನೆ ಅವನು, ಹಾಕಬಹುದಾ?

*

ಬೇಡ. 32ರದ್ದು ಎರಡು ತಗೊಳ್ಳಿ, ಇಲ್ಲಾ ಗೇಮಿಗಷ್ಟೇ ಆದ್ರೆ 16ರದ್ದು ಎರಡು ಸಾಕು. ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್ ಅಂದ್ರೆ ಮೆಮೊರಿ ಕಂಟ್ರೋಲರಿಗೆ ತುಂಬಾ ಕಷ್ಟ, ಈ ಪ್ರೊಸೆಸರಿಗೆ ಎಎಂಡಿ ಅಧಿಕೃತವಾಗಿ ಹೇಳೋದೇ ಎರಡು ಸ್ಟಿಕ್ಕಿಗೆ 5600 ವೇಗ, ನಾಲ್ಕಕ್ಕೆ 3600. ಎರಡು ಹಾಕಿದ್ರೆ 6000, ಸಿಎಲ್30 ಕಿಟ್ ಎಕ್ಸ್‌ಪೋ (ಮೆಮೊರಿಯನ್ನ ಅದರ ಪೂರ್ತಿ ವೇಗಕ್ಕೆ ಏರಿಸೋ ಬೋರ್ಡ್ ಸೆಟ್ಟಿಂಗ್) ಆನ್ ಮಾಡಿ ಸಾಮಾನ್ಯವಾಗಿ ಆರಾಮಾಗಿ ಓಡತ್ತೆ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು ಮತ್ತೆ ನಾಲ್ಕನೇ ಸ್ಲಾಟ್. ನಾಲ್ಕೂ ತುಂಬಿದ ಹಾಗೆ ಕಾಣಬೇಕಿದ್ರೆ ಒಳಗೆ ಚಿಪ್ ಇಲ್ಲದ ಬರೀ ಲೈಟಿನ ಡಮ್ಮಿ ಸ್ಟಿಕ್ ಸಿಗತ್ತೆ, ಅದನ್ನ ಹಾಕಿ ಅವನಿಗೂ ಖುಷಿ.

ಮತ್ತೆ ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ, ಎಎಂ5 (ಈ ಪ್ರೊಸೆಸರ್ ಕೂರೋ ಸಾಕೆಟ್) ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ರ್‍ಯಾಮನ್ನ ಪರೀಕ್ಷೆ ಮಾಡಿ ಹೊಂದಿಸ್ಕೊಳತ್ತೆ, ಮೆಮೊರಿ ಟ್ರೈನಿಂಗ್ ಅಂತಾರೆ, ಅದು ಮುಗಿಯೋವರೆಗೆ ಸ್ಕ್ರೀನಲ್ಲಿ ಏನೂ ಬರಲ್ಲ, ಫ್ಯಾನ್ ಮಾತ್ರ ತಿರುಗ್ತಿರತ್ತೆ. ಹಲವು ನಿಮಿಷ ಆಗಬಹುದು, 64 ಜಿಬಿ ಆದ್ರೆ ಇನ್ನೂ ಜಾಸ್ತಿ. ನಾನು ನನ್ನ ಕಸಿನ್‌ಗೆ ಮಾಡ್ಕೊಟ್ಟಾಗ ಎರಡು ನಿಮಿಷಕ್ಕೇ ಗಾಬರಿ ಬಿದ್ದು ಆಫ್ ಮಾಡಿದೆ, ಮತ್ತೆ ಆನ್, ಮತ್ತೆ ಆಫ್, ಕೊನೆಗೆ ಇಡೀ ಪಿಸಿ ಬಿಚ್ಚಿ ಮತ್ತೆ ಜೋಡಿಸಿದೆ, ಮೂರು ಗಂಟೆ ಹೋಯ್ತು, ಅಸಲಿಗೆ ಏನೂ ಆಗಿರಲಿಲ್ಲ. ಕಾಲು ಗಂಟೆ ಮುಟ್ಟಬೇಡಿ.

*

ಪ್ರೊಸೆಸರ್ ಕೂರಿಸೋ ವಿಷಯ. ಎಎಂ5ನಲ್ಲಿ ಪಿನ್ನು ಪ್ರೊಸೆಸರಲ್ಲಿ ಇರಲ್ಲ, ಬೋರ್ಡಿನ ಸಾಕೆಟ್ಟಲ್ಲಿರತ್ತೆ, 1718 ಪಿನ್ನು, ಶರ್ಟಿನ ತೋಳು ಒಂದ್ಸಲ ಸಿಕ್ಕಿದ್ರೂ ಬಗ್ಗತ್ತೆ. ಮೇಲಿರೋ ಕರೀ ಪ್ಲಾಸ್ಟಿಕ್ ಮುಚ್ಚಳ ಮೊದಲೇ ಕೀಳ್ಬೇಡಿ, ಲಿವರ್ ಒತ್ತಿ ಕೂರಿಸುವಾಗ ತಾನೇ ಚಿಮ್ಮಿ ಬರತ್ತೆ, ಅದನ್ನ ಎತ್ತಿಡಿ, ಮುಂದೆ ಬೋರ್ಡ್ ವಾರಂಟಿಗೆ ಕಳಿಸೋದಾದ್ರೆ ಆ ಮುಚ್ಚಳ ಕೇಳ್ತಾರೆ.

ಬಯೋಸ್ ಅಪ್‌ಡೇಟ್ ಮಾಡೋದು ಬಿಡಬೇಡಿ, ಬಯೋಸ್ ಅಂದ್ರೆ ಬೋರ್ಡನ್ನ ಶುರು ಮಾಡೋ ಒಳಗಿನ ಸಾಫ್ಟ್‌ವೇರ್. ಅಂಗಡೀಲಿ ಹಳೇ ಸ್ಟಾಕ್ ಬೋರ್ಡ್ ಸಿಕ್ಕಿದ್ರೆ 9800ಎಕ್ಸ್3ಡಿಯನ್ನ ಗುರುತೇ ಹಿಡಿಯಲ್ಲ, ಅದು ಬಂದಿದ್ದೇ 2024ರ ನವೆಂಬರಲ್ಲಿ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋ ಬೋರ್ಡ್ ತಗೊಂಡ್ರೆ ಪ್ರೊಸೆಸರ್ ಇಲ್ದೇನೇ ಪೆನ್ ಡ್ರೈವಿಂದ ಮಾಡಬಹುದು, ಪೆನ್ ಡ್ರೈವ್ ಫ್ಯಾಟ್32 ಫಾರ್ಮ್ಯಾಟಲ್ಲಿರಲಿ. 2023ರಲ್ಲಿ ಕೆಲವು ಬೋರ್ಡುಗಳು ಎಕ್ಸ್3ಡಿ ಚಿಪ್ಪಿಗೆ ಎಸ್‌ಓಸಿ (ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಭಾಗದ) ವೋಲ್ಟೇಜ್ ಜಾಸ್ತಿ ಕೊಟ್ಟು ಚಿಪ್ ಸುಟ್ಟುಹೋದ ಪ್ರಕರಣ ಆಗಿ, ಆಮೇಲೆ ಬಯೋಸಲ್ಲೇ 1.3 ವೋಲ್ಟಿಗೆ ಕಟ್ಟುಹಾಕಿದ್ರು. ಹೊಸ ಬಯೋಸ್ ಬರೀ ಹೊಸ ಫೀಚರಿಗಲ್ಲ.

ಲಿಕ್ವಿಡ್ ಕೂಲರ್ ಬಗ್ಗೆ ಒಂದು ಅಭಿಪ್ರಾಯ, ಒಪ್ಪದಿದ್ರೂ ಪರವಾಗಿಲ್ಲ. ಈ ಪ್ರೊಸೆಸರ್ 120 ವ್ಯಾಟ್ ಟಿಡಿಪಿ (ಕೂಲರ್ ಹೊರಹಾಕಬೇಕಾದ ಬಿಸಿ) ಅಷ್ಟೇ, ಎರಡು ಟವರಿನ ಒಳ್ಳೇ ಏರ್ ಕೂಲರ್ ಧಾರಾಳ ಸಾಕು. ನಿಮ್ಮ ಪಿಸಿ ಆದ್ರೆ ಏನು ಬೇಕಾದ್ರೂ ಹಾಕಿ, ಬೇರೆಯವರ ಮನೇಲಿ ಐದು ವರ್ಷ ಓಡಬೇಕಾದ್ದಕ್ಕೆ ಪಂಪ್ ಇಲ್ಲದ್ದೇ ವಾಸಿ, ಫ್ಯಾನ್ ಹಾಳಾದ್ರೆ ಅವರೇ ಬದಲಾಯಿಸ್ಕೋತಾರೆ. ಯಾವುದೇ ಹಾಕಿ, ತಳದಲ್ಲಿ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ. ಎಂ.2 ಎಸ್‌ಎಸ್‌ಡಿ ಹೀಟ್‌ಸಿಂಕಿನ ಅಡಿಯಲ್ಲೂ ಅಂಥದೇ ಒಂದಿರತ್ತೆ.

*

ಟೆಕ್ನಿಕಲ್ ಎಲ್ಲಾ ಬಂತು. ನಾನು ಮೂರು ಜನ ಗೆಳೆಯರಿಗೆ ಜೋಡಿಸಿಕೊಟ್ಟಿದ್ದೀನಿ, ನಂಗೆ ಅದರಲ್ಲಿ ಮುಖ್ಯ ಅನ್ಸಿದ್ದು ಬೇರೆನೇ.

ಮೊದಲ್ನೇದು ನಾನೇ ಒಬ್ಬನೇ ಕೂತು ರಾತ್ರಿಯೆಲ್ಲಾ ಜೋಡಿಸಿ, ಕೇಬಲ್ ಎಲ್ಲಾ ನೀಟಾಗಿ ಕಟ್ಟಿ, ಬೆಳಿಗ್ಗೆ ಕೊಟ್ಟೆ. ಅವನು ತುಂಬಾ ಖುಷಿಪಟ್ಟ. ಆಮೇಲೆ ಒಂದು ವರ್ಷ ಗೇಮ್ ಕ್ರ್ಯಾಶ್ ಆದ್ರೂ ಫೋನು, ವೈಫೈ ನಿಧಾನ ಆದ್ರೂ ಫೋನು, ಹೆಡ್‌ಫೋನಲ್ಲಿ ಸೌಂಡ್ ಬರದಿದ್ರೂ ಫೋನು. ಅವನ ತಪ್ಪಿಲ್ಲ, ಆ ಡಬ್ಬದೊಳಗೆ ಏನಿದೆ ಅಂತ ಅವನಿಗೆ ಗೊತ್ತೇ ಇಲ್ಲ, ಗೊತ್ತಿರೋನು ನಾನೊಬ್ಬನೇ. ಕೊನೆಕೊನೆಗೆ ಅವನ ಹೆಸರು ಫೋನಲ್ಲಿ ಕಂಡ್ರೆ ಮೊದಲು ಪಿಸಿ ನೆನಪಾಗ್ತಿತ್ತು, ಆಮೇಲೆ ಅವನು. ಅದು ನಂಗೆ ಬಹಳ ನೋವಾಯ್ತು.

ಮುಂದಿನ ಎರಡು ಸಲ ಸ್ಕ್ರೂಡ್ರೈವರ್ ಅವರ ಕೈಗೇ ಕೊಟ್ಟೆ, ನಾನು ಪಕ್ಕದಲ್ಲಿ ಕೂತು ಹೇಳ್ತಾ ಹೋದೆ. ನಿಧಾನ ಆಗತ್ತೆ, ಒಂದು ಇಡೀ ಭಾನುವಾರ ಹಿಡಿಯತ್ತೆ, ಬೋರ್ಡಿನ ಕೆಳಗಡೆ ಪವರ್ ಬಟನ್ನಿನ ಆ ಸಣ್ಣ ಪಿನ್ ಹಾಕೋದ್ರಲ್ಲೇ ಅರ್ಧ ಗಂಟೆ ಹೋಗತ್ತೆ, ಹೋಗಲಿ. ರ್‍ಯಾಮ್ ಒತ್ತುವಾಗ ಬೋರ್ಡ್ ಸ್ವಲ್ಪ ಬಾಗಿದ್ದು ನೋಡಿ ಅವರಲ್ಲೊಬ್ಬ ಕೈ ತೆಗೆದ, ಹೆದರ್ಬೇಡ ಒತ್ತು ಅಂದೆ, ಟಕ್ ಅಂತ ಕೂತಾಗ ಅವನ ಮುಖ ನೋಡ್ಬೇಕಿತ್ತು ನೀವು. ಆರು ತಿಂಗಳಾದ ಮೇಲೆ ಎಸ್‌ಎಸ್‌ಡಿ ಇನ್ನೊಂದು ತಾನೇ ತಂದು ಹಾಕ್ಕೊಂಡು ಫೋಟೋ ಕಳಿಸಿದ.

ಬಿಲ್ ಎಲ್ಲಾ ನಿಮ್ಮ ಗೆಳೆಯನ ಹೆಸರಲ್ಲೇ, ಅವನ ಇಮೇಲಲ್ಲೇ ಆಗಲಿ. ವಾರಂಟಿ ಕ್ಲೇಮ್ ಮಾಡೋದು ಅವನೇ ತಾನೇ. ಪ್ರತಿ ಡಬ್ಬದ ಸೀರಿಯಲ್ ನಂಬರಿನ ಫೋಟೋ ತೆಗೆದು ಒಂದು ಫೋಲ್ಡರಲ್ಲಿ ಹಾಕಿ ಅವನಿಗೆ ಕೊಡಿ, ಗ್ರಾಫಿಕ್ಸ್ ಕಾರ್ಡಿನ ಖಾಲಿ ಡಬ್ಬ ಬಿಸಾಡಬೇಡ ಅಂತ ಹೇಳಿ. ಮತ್ತೆ ದುಡ್ಡು ಕೊಡೋ ಮುಂಚೆನೇ ಒಂದು ಮಾತು ಬಾಯಿಬಿಟ್ಟು ಆಡಿ, ಪಾರ್ಟ್ ಸತ್ತೇ ಬಂದ್ರೆ ಕಂಪನಿ ಜವಾಬ್ದಾರಿ, ಜೋಡಿಸುವಾಗ ನನ್ನ ಕೈಲಿ ಮುರಿದ್ರೆ ಏನು ಮಾಡೋಣ ಅಂತ. ಕೇಳೋಕೆ ಮುಜುಗರ, ಆದ್ರೆ ಮುರಿದ ಮೇಲೆ ಕೇಳೋದಕ್ಕಿಂತ ಸಾವಿರ ಪಾಲು ವಾಸಿ.

*

ಒಂದೆರಡು ಸಣ್ಣ ವಿಷಯ ಬಿಟ್ಟುಹೋಗಿದೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ, ಬೋರ್ಡಿಗಲ್ಲ, ಈ ಪ್ರೊಸೆಸರಲ್ಲೇ ಸಣ್ಣ ಗ್ರಾಫಿಕ್ಸ್ ಇರೋದ್ರಿಂದ ಬೋರ್ಡಿಗೆ ಚುಚ್ಚಿದ್ರೂ ಚಿತ್ರ ಬರತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ವಿಂಡೋಸಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ರಿಫ್ರೆಶ್ ರೇಟ್ 240ಕ್ಕೆ ಹಾಕಿ, ತಾನಾಗಿ 60ಕ್ಕೇ ನಿಂತಿರತ್ತೆ ಎಷ್ಟೋ ಸಲ. ಹೊಸ ಬೋರ್ಡಿನ ವೈಫೈ ಡ್ರೈವರ್ ವಿಂಡೋಸ್ ಇನ್‌ಸ್ಟಾಲರಲ್ಲಿ ಇರದೇ ಹೋಗಬಹುದು, ಅದು ಮೊದಲೇ ಪೆನ್ ಡ್ರೈವಲ್ಲಿ ಇಟ್ಕೊಳ್ಳಿ. ಕೊಡೋ ಹಿಂದಿನ ರಾತ್ರಿ ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷೆ ಮಾಡೋ ಪ್ರೋಗ್ರಾಂ) ಹಾಕಿ ಮಲಗಿ, ಬೆಳಿಗ್ಗೆ ಒಂದೇ ಒಂದು ಎರರ್ ಇದ್ರೂ ಕೊಡಬೇಡಿ.

*

ಮತ್ತೆ ನಾನೇ, ಅಪ್‌ಡೇಟ್. ನಿನ್ನೆ ಮುಗೀತು. ಸ್ಕ್ರೂಡ್ರೈವರ್ ಅವನ ಕೈಗೇ ಕೊಟ್ಟಿದ್ದೆ, ಪ್ರೊಸೆಸರ್ ಕೂಡ ಅವನೇ ಕೂರಿಸಿದ, ಉಸಿರು ಹಿಡ್ಕೊಂಡು. ಗಾಜು ಮಂಚದ ಮೇಲಿತ್ತು. ಆನ್ ಮಾಡಿದ್ಮೇಲೆ ಬೋರ್ಡಲ್ಲಿ ಡಿರ್‍ಯಾಮ್ ಲೈಟ್, ಅಂದ್ರೆ ಮೆಮೊರಿದು, ಹತ್ತಿಕೊಂಡು ಹಾಗೇ ನಿಂತ್ಬಿಡ್ತು, ಸ್ಕ್ರೀನ್ ಕಪ್ಪು, ನಂಗೆ ಕೈ ಬೆವರೋಕೆ ಶುರುವಾಯ್ತು. ಇಲ್ಲಿ ಓದಿರದಿದ್ರೆ ಖಂಡಿತ ಆಫ್ ಮಾಡ್ತಿದ್ದೆ. ಅವನಿಗೂ ಇಲ್ಲಿನ ಉತ್ತರ ಫೋನಲ್ಲಿ ತೋರಿಸಿದೆ, ಇಬ್ರೂ ನೆಲದ ಮೇಲೆ ಸುಮ್ನೆ ಕೂತು ಆ ಲೈಟನ್ನೇ ನೋಡ್ತಾ ಇದ್ವಿ, ಏಳನೇ ನಿಮಿಷಕ್ಕೆ ಬಯೋಸ್ ಬಂತು.

ಒಂದೇ ಅನುಮಾನ ಉಳಿದಿದೆ, ಗೇಮಿನ ಮೆನುವಲ್ಲಿದ್ದಾಗ ಕಾರ್ಡಿಂದ ಸಣ್ಣಗೆ ಕೀ ಅಂತ ಶಬ್ದ ಬರತ್ತೆ, ಆಟ ಶುರುವಾದ್ರೆ ಕಮ್ಮಿ ಆಗತ್ತೆ. ಏನಾದ್ರೂ ತೊಂದ್ರೆನಾ?

*

ತೊಂದ್ರೆ ಇಲ್ಲ, ಕಾಯಿಲ್ ವೈನ್ ಅದು. ಮೆನುವಲ್ಲಿ ಕೆಲಸ ಏನೂ ಇರಲ್ಲ ನೋಡಿ, ಫ್ರೇಮ್ ಸಾವಿರದ ಹತ್ರ ಹೋಗ್ಬಿಡತ್ತೆ, ಆಗ ಕಾರ್ಡಿನ ಕಾಯಿಲುಗಳು ನಡುಗಿ ಆ ಶಬ್ದ ಬರತ್ತೆ. ಎನ್ವಿಡಿಯಾ ಸೆಟ್ಟಿಂಗಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ 235ಕ್ಕೆ ಕಟ್ಟಿ ಹಾಕಿ, ಹೆಚ್ಚುಕಮ್ಮಿ ನಿಂತುಹೋಗತ್ತೆ. ಅವನಿಗೇ ಮಾಡೋಕೆ ಹೇಳಿ.